ಅಕ್ಕಿ ಗೂಡು

ಈಗಿನ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ. ಮಿಲ್ಲಿನವರೇ ಯಂತ್ರಕ್ಕೆ ಕೊಟ್ಟು, ಹೊಳಪು ಬರಿಸಿ, ಚೀಲಕ್ಕೆ ಹೊಲಿಗೆ ಹಾಕಿ ಕಳಿಸುತ್ತಾರೆ. ಆದರೂ ನಾನು ದಿನವೂ ಮೊರ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತೇನೆ. ನಮ್ಮ ಯಜಮಾನರು ಮಗ್ಗದಲ್ಲಿ ಕೂತಲ್ಲಿಂದಲೇ, "ಇಲ್ಲದಿರೋ ಕಲ್ಲು ಹುಡುಕ್ತಾ ಇದ್ದೀಯಲ್ಲ ರತ್ನ, ಸಿಕ್ಕಿದ್ರೆ ನನಗೂ ಒಂಚೂರು ತೋರ್ಸು" ಎಂದು ಕೂಗುತ್ತಾರೆ. ಕಲ್ಲು ಸಿಗುವುದಿಲ್ಲ, ನಿಜ. ಆದರೆ ಮೊರವನ್ನು ಮೆಲ್ಲಗೆ ತಟ್ಟುತ್ತ ತಟ್ಟುತ್ತ ಕೂತರೆ ಅಕ್ಕಿ ಹಿಂದಕ್ಕೆ ಸರಿದು, ನುಚ್ಚು ಮುಂದಕ್ಕೆ ಬಂದು, ಮನಸ್ಸಿನಲ್ಲಿದ್ದ ಕಸವೂ ಅದರ ಜೊತೆಗೇ ತುದಿಗೆ ಬಂದು ನಿಲ್ಲುತ್ತದೆ. ನನ್ನ ಪಾಲಿಗೆ ಅದು ಬೆಳಗಿನ ಎರಡನೇ ಪೂಜೆ. ಮೊದಲನೆಯದು ದೇವರ ಮನೆಯಲ್ಲಿ ಆಗಿರುತ್ತದೆ.

ಮೊರದ ತುದಿಗೆ ಬಂದ ನುಚ್ಚನ್ನು ಹಿತ್ತಿಲ ಗೋಡೆಯ ಮೇಲೆ ಸುರಿಯುವಾಗ ನನ್ನ ಬಾಯಿಂದ ತಾನಾಗಿಯೇ ಒಂದು ಮಾತು ಬರುತ್ತದೆ. ಅದು ನಮ್ಮವ್ವನ ಮಾತು. ನಾನು ಹುಟ್ಟಿದ್ದು ಯಳಂದೂರಿನ ಹತ್ತಿರದ ಅಗರದಲ್ಲಿ. ಅಲ್ಲಿ ಅವ್ವ ಅಕ್ಕಿ ಕೇರಿ ಮುಗಿಸಿದ ಮೇಲೆ ನನ್ನನ್ನು ಕೂಗಿ, "ಅಕ್ಕಿಗ್ ಅಕ್ಕಿ ಆಕ್ಬುಟ್ ಬಾರವ್ವಾ" ಎನ್ನುತ್ತಿದ್ದಳು. ಹಕ್ಕಿಗೆ ಅಕ್ಕಿ ಹಾಕು ಎಂದು. ನಮ್ಮ ಕಡೆ ಮಾತಿನಲ್ಲಿ 'ಹ' ಎನ್ನುವುದು ಬಂಗಾರದ ಸರ ಇದ್ದ ಹಾಗೆ, ದಿನಬಳಕೆಗೆ ತೆಗೆಯುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹಬ್ಬ ಅಬ್ಬವಾಗುತ್ತದೆ. ಹನೂರಿನ ಬಸ್ಸು ಹತ್ತುವವರು ಕೂಡ 'ಅನೂರಿಗೆ ಒಂದು' ಎಂದೇ ಟಿಕೆಟ್ ಕೇಳುವುದು. ಕಂಡಕ್ಟರ್ ಎಂದೂ ಬೇರೆ ಊರಿನ ಟಿಕೆಟ್ ಹರಿದು ಕೊಟ್ಟಿಲ್ಲ.

ಸ್ಕೂಲಿನಲ್ಲಿ ಮೇಷ್ಟ್ರು ನಮ್ಮ ನಾಲಗೆಗೆ ಆ ಬಂಗಾರದ ಸರ ತೊಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಾಯಿಯ ಮುಂದೆ ಅಂಗೈ ಹಿಡಿಸಿ, "ಹ ಅಂದ್ರೆ ಕೈಗೆ ಗಾಳಿ ಬಡೀಬೇಕು. ಬಡೀತಾ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ನಾನು ಬಹಳ ಭಕ್ತಿಯಿಂದ ಕಲಿತೆ. ಎಷ್ಟು ಭಕ್ತಿ ಎಂದರೆ, 'ನಮ್ಮ ಮನೆ' ಎಂಬ ಪ್ರಬಂಧದಲ್ಲಿ "ಅಮ್ಮ ದಿನವೂ ಹಕ್ಕಿಯನ್ನು ಬೇಯಿಸುತ್ತಾಳೆ. ನಾವೆಲ್ಲರೂ ಹಾನಂದದಿಂದ ಊಟ ಮಾಡುತ್ತೇವೆ" ಎಂದು ಬರೆದೆ. ಮೇಷ್ಟ್ರು ಅದನ್ನು ಓದಿ ನಕ್ಕವರು ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು. ಆ ಪಾಪದ ಹಕ್ಕಿ ಇಷ್ಟು ವರ್ಷವಾದ ಮೇಲೆ ಹಾರಿ ಬಂದು ನನ್ನ ಹೆಗಲ ಮೇಲೆ ಕೂರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು!

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದೆ. ನಮ್ಮತ್ತೆಯವರದು ರೇಷ್ಮೆ ನೇಯುವ ಮನೆ, ಒಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಈ ಅಕ್ಕಿ ಹಕ್ಕಿಯ ಕಥೆ ಕೇಳಿ ಅವರು, "ನಮ್ಮ ಮಾತಲ್ಲಿ ಈ ರಗಳೆನೇ ಇಲ್ಲ ನೋಡು. ಹಕ್ಕಿ ಪಿಟ್ಟ, ಅಕ್ಕಿ ಬಿಯ್ಯಂ. ಯಾವುದನ್ನ ಬೇಯಿಸಬೇಕು, ಯಾವುದನ್ನ ಬಿಡಬೇಕು ಅಂತ ಸೊಸೆಯರಿಗೆ ತಾನಾಗೇ ಗೊತ್ತಾಗುತ್ತೆ" ಎಂದಿದ್ದರು. ಆ ಮನೆಯಲ್ಲಿದ್ದು ಇದ್ದು ನನ್ನ ನಾಲಗೆಯೂ ಪೇಟೆಯದಾಯಿತು. ತೌರಿಗೆ ಹೋದಾಗ ಹಾಲು ಎಂದು ಸ್ಪಷ್ಟವಾಗಿ ಅಂದರೆ ಅವ್ವ, "ಕೊಳ್ಳೇಗಾಲದ ಗಾಳಿ ಕನವ್ವ ಇವ್ಳ ಬಾಯ್ಲಿ" ಎಂದು ನೆರೆಯವರಿಗೆ ಹೆಮ್ಮೆಯಿಂದಲೇ ದೂರು ಹೇಳುತ್ತಿದ್ದಳು.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ನಮ್ಮ ಜಗಲಿಯ ವಿಚಾರ ಹೇಳಬೇಕಿತ್ತು.

ಜಗಲಿ ಎಂದರೆ ಮನೆಯ ಮುಂದಿನದ್ದಲ್ಲ, ಫೋನಿನೊಳಗಿನದ್ದು. ನನ್ನ ನಾದಿನಿಯ ಮಗಳು ರಂಜಿತಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಕಡೆಯ ಹೆಂಗಸರು ಕೂತು ಮಾತಾಡಲಿ ಎಂದು ಅವಳೇ ಅದನ್ನು ಕಟ್ಟಿದ್ದು. 'ಮೂರೂರ ಜಗಲಿ' ಎಂದು ಹೆಸರಿಟ್ಟಳು. ತೆರೆದ ಕೂಡಲೇ ಬಣ್ಣ ಬಣ್ಣದ ಚೌಕಗಳು ಕಾಣುತ್ತವೆ. ಅಡುಗೆ, ಹಬ್ಬ, ಆರೋಗ್ಯ, ಮಕ್ಕಳ ಓದು, ಮಗ್ಗ, ಎಲ್ಲಕ್ಕಿಂತ ಕೆಳಗೆ ಹಳದಿ ಬಣ್ಣದಲ್ಲಿ 'ಇತರೆ'. ಬೇಕಾದ ಚೌಕ ಒತ್ತಿ ಒಳಗೆ ಹೋಗಿ ಮಾತಾಡುವುದು. ಅವಳು ಅದಕ್ಕೆ ಕ್ಯಾಟಗರಿ ಎನ್ನುತ್ತಾಳೆ. ನನಗೆ ಅದು ಗೋಡೆಯಲ್ಲಿ ದೀಪ, ಅರಿಶಿನ, ಬೀಗದ ಕೈ ಇಡುವ ಗೂಡುಗಳ ಹಾಗೆ ಕಂಡಿತು. ಗೂಡು ಎಂದೇ ಕರೆದೆ. ನಮ್ಮೂರಿನಲ್ಲಿ ಗೂಡು ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ರೇಷ್ಮೆ ಗೂಡು. ಯಜಮಾನರು, "ಏನಮ್ಮ ರಂಜಿತಾ, ನಿಮ್ಮತ್ತೆ ಗೂಡು ಇವತ್ತು ಏನು ರೇಟಿಗೆ ಹೋಯ್ತು?" ಎಂದು ಕೇಳಿ ತಾವೇ ನಗುತ್ತಿದ್ದರು.

ಆದರೆ ಹೆಂಗಸರೆಲ್ಲ ತಂದು ಸುರಿದಿದ್ದು ಇತರೆಯಲ್ಲೇ. ಸಾರಿನ ಪುಡಿಯೂ ಅಲ್ಲೇ, ಸೊಸೆಯ ಸೀಮಂತವೂ ಅಲ್ಲೇ, ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸಿನ ಹೊತ್ತೂ ಅಲ್ಲೇ. ಒಮ್ಮೆ ಒಬ್ಬ ತಾಯಿ, ಮಗುವಿಗೆ ಜ್ವರ ಬಿಡುತ್ತಿಲ್ಲ, ಏನು ಮಾಡಲಿ ಎಂದು ಅಲ್ಲಿ ಕೇಳಿದ್ದಾಳೆ. ಅದರ ಮೇಲೆ ಯಾರೋ ಕೋಡುಬಳೆ ಫೋಟೋ ಹಾಕಿ, ಎಲ್ಲರೂ ಕೋಡುಬಳೆಯ ಹಿಂದೆ ಹೋಗಿ, ಆ ತಾಯಿಯ ಮಾತು ಅಡಿಗೆ ಬಿದ್ದುಹೋಗಿತ್ತು. ಆಮೇಲೆ ಜ್ವರ ಬಿಟ್ಟಿತು, ಭಗವಂತನ ದಯೆ. ಆದರೆ ರಂಜಿತಾಳಿಗೆ ಅದು ಕೊರೆಯತೊಡಗಿತು.

"ಅತ್ತೆ, ಇತರೆ ಅನ್ನೋದನ್ನ ತೆಗೆದುಬಿಡೋಣ. ಒಂದೊಂದು ಮಾತಿಗೂ ಒಂದೊಂದು ಜಾಗ ಇರಬೇಕು. ನೀವು ಮನೇಲಿರ್ತೀರಲ್ಲ, ಹಳೇ ಮಾತನ್ನೆಲ್ಲ ವಿಂಗಡಿಸಿ ಕೊಡ್ತೀರಾ?"

ನನ್ನನ್ನು ಯಾರೂ ಅಂಥ ಕೆಲಸಕ್ಕೆ ಕೇಳಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ. ವಿಂಗಡಿಸುವುದು ಎಂದರೆ ನನಗೆ ಹೊಸದೇ? ಬೇಳೆಯಿಂದ ಹುಳ, ರಾಗಿಯಿಂದ ಮಣ್ಣು, ಯಜಮಾನರ ಜೇಬಿನಿಂದ ಅಂಗಡಿ ಚೀಟಿ, ಜನ್ಮವೆಲ್ಲ ವಿಂಗಡಿಸುವುದೇ ಆಗಿದೆ. ಒಂದು ಸೋಮವಾರ ಮಾದಪ್ಪನಿಗೆ ದೀಪ ಹಚ್ಚಿ, ಫೋನಿಗೂ ಕುಂಕುಮ ಇಟ್ಟು ಶುರು ಮಾಡಿದೆ. ಕುಂಕುಮ ಕ್ಯಾಮೆರಾದ ಮೇಲೆ ಬಿದ್ದು ಮುಂದೆ ಎಷ್ಟೋ ದಿನ ನಾನು ತೆಗೆದ ಫೋಟೋಗಳೆಲ್ಲ ಸಂಜೆಗೆಂಪಾಗಿದ್ದವು, ಅದು ಬೇರೆ ಮಾತು.

ಮೊದಮೊದಲು ಒಂದೊಂದನ್ನೂ ಓದಿ ಎತ್ತಿಡುತ್ತಿದ್ದೆ. ಹಾಗೆ ಓದುವಾಗಲೇ ಸಿಕ್ಕಿದ್ದು ಒಡೆಯರಪಾಳ್ಯದ ಆಚೆಯ ಹಳ್ಳಿಯ ಮಾದಮ್ಮ ಎಂಬುವರ ಮಾತು. ಅವರು ಫೋನಿಗೆ ಬಾಯಲ್ಲಿ ಹೇಳುವವರು, ಫೋನು ತನಗೆ ಕೇಳಿಸಿದ್ದನ್ನು ಬರೆದುಕೊಳ್ಳುವುದು. "ಈ ಅಕ್ಕಿ ಎಸರು ಗೊತ್ತಿಲ್ಲ ಕಣ್ರವ್ವಾ. ಗೊತ್ತಿದ್ದೋರು ಯೋಳಿ" ಎಂದಿತ್ತು.

ಅಕ್ಕಿಗೆ ಎಷ್ಟು ಎಸರಿಡಬೇಕು ಎನ್ನುವುದು ನನ್ನ ಖಾಸಾ ವಿದ್ಯೆ. ಸೆರಗು ಬಿಗಿದುಕೊಂಡು ಬರೆದೆ. "ಹಳೆ ಅಕ್ಕಿಯಾದರೆ ಒಂದು ಲೋಟಕ್ಕೆ ಎರಡೂವರೆ ಲೋಟ ನೀರು, ಹೊಸ ಅಕ್ಕಿಯಾದರೆ ಎರಡೇ ಸಾಕು. ಎಸರು ಕುದಿ ಬಂದ ಮೇಲೆ ಅಕ್ಕಿ ಹಾಕಿ."

ಮಾದಮ್ಮನವರಿಂದ ಉತ್ತರ ಬಂತು. "ನೀರ್ನೂ ಮಡಗಿವ್ನಿ ಕನವ್ವ. ಕುಡಿಯಕಿಲ್ಲ."

"ಹಳೆ ಅಕ್ಕಿ ನಿಧಾನವಾಗಿ ಕುಡಿಯುತ್ತದೆ. ಮೊದಲು ಸ್ವಲ್ಪ ಹೊತ್ತು ನೀರಲ್ಲಿ ನೆನೆಯಲು ಬಿಡಿ."

"ನೆನೆಯಕ್ ಬುಟ್ರೆ ಸತ್ತೋಯ್ತದೆ, ಪಾಪ!"

ಸತ್ತುಹೋಗುತ್ತದೆ ಎಂದರೆ ಅವರ ಊರಿನ ಕಡೆ ಅನ್ನ ಮುದ್ದೆಯಾಗುತ್ತದೆ ಎಂದಿರಬೇಕು, ಒಂದೊಂದು ಊರಿಗೆ ಒಂದೊಂದು ನುಡಿಗಟ್ಟು, ಎಂದುಕೊಂಡೆ. 'ಪಾಪ' ಎಂದಿದ್ದು ನೋಡಿ, ಆಹಾ ಅನ್ನದ ಮೇಲೆ ಎಂಥ ಭಕ್ತಿ ಈ ಹೆಂಗಸಿಗೆ ಎಂದು ಕಣ್ಣು ಕೂಡ ತುಂಬಿಕೊಂಡೆ. ಸಂಜೆ ದೇವರ ಮುಂದೆ ಕೂತು ಬೆರಳ ಗೆಣ್ಣುಗಳ ಮೇಲೆ ದಿನದ ಕೃಪೆಗಳನ್ನು ಎಣಿಸುವ ಅಭ್ಯಾಸ ನನಗೆ. ನಲ್ಲಿಯಲ್ಲಿ ನೀರು ಬಂದಿದ್ದು, ಯಜಮಾನರ ಮಂಡಿ ನೋವು ಕಡಿಮೆಯಾಗಿದ್ದು. ಅವತ್ತು ಒಂದು ಗೆಣ್ಣು ಮಾದಮ್ಮನಿಗೆ ಅನ್ನ ಮಾಡಲು ಹೇಳಿಕೊಟ್ಟಿದ್ದಕ್ಕೆ.

ಒಂದೊಂದಾಗಿ ಓದಿದರೆ ಈ ಜನ್ಮದಲ್ಲಿ ಮುಗಿಯುವುದಿಲ್ಲ ಎಂದು ಕಂಡಾಗ ರಂಜಿತಾ ಒಂದು ಉಪಾಯ ತೋರಿಸಿಕೊಟ್ಟಳು. ಒಂದು ಪದ ಕೊಟ್ಟು ಹುಡುಕುವುದು. ಆ ಪದ ಇರುವ ಮಾತುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಒಟ್ಟಿಗೆ ಎತ್ತಿ, ತರಕಾರಿ, ದಿನಸಿ ಎಂದು ಅವಳು ಹೊಸದಾಗಿ ಮಾಡಿದ ಗೂಡುಗಳಿಗೆ ಹಾಕುವುದು. ಯಾರದೋ ಮಾತಿನಲ್ಲಿ ಕಣ್ಣಿಗೆ ಬಿದ್ದ 'ಆಲು' ಎಂಬುದನ್ನು ಕೊಟ್ಟೆ, ಸಾಲಾಗಿ ಬಂದವು. 'ಆಲೂಗಡ್ಡೆ ಇರಬೇಕು ಅತ್ತೆ' ಎಂದು ರಂಜಿತಾ ತರಕಾರಿಗೆ ಕಳಿಸಿದಳು. ಮಾರನೆಯ ದಿನ ತರಕಾರಿ ಗೂಡಿನಲ್ಲಿ ಯಾರೋ ಒಬ್ಬರು ಇನ್ನೊಬ್ಬರಿಗೆ, "ಆಲು ಒಡೆದರೆ ಏನೂ ತೊಂದರೆ ಇಲ್ಲ, ಪಲ್ಯ ಮಾಡಿ" ಎಂದು ಬುದ್ಧಿ ಹೇಳಿದ್ದರು. ಒಡೆದದ್ದು ಹಾಲು. ಅದನ್ನು ಕಂಡು ನಕ್ಕೆನೇ ಹೊರತು, ನನ್ನ ಕಾಲಬುಡದಲ್ಲೇ ಏನು ಆಗುತ್ತಿದೆ ಎಂದು ನೋಡಿಕೊಳ್ಳಲಿಲ್ಲ. 'ಅಕ್ಕಿ' ಎಂದು ಕೊಟ್ಟೆ. ರಾಶಿ ರಾಶಿ ಬಂದವು. ಮಾದಮ್ಮನವರದೇ ಎಷ್ಟೊಂದು! "ಇವತ್ತು ಅಕ್ಕಿ ಬರ್ನಿಲ್ಲ" ಎಂಬುದೊಂದು ಕಣ್ಣಿಗೆ ಬಿತ್ತು. ಪಡಿತರದ ವಿಷಯ ಎಂದುಕೊಂಡು ಅಷ್ಟನ್ನೂ ದಿನಸಿಯ ಗೂಡಿಗೆ ತುಂಬಿದೆ. ಅಲ್ಲಿನವರು ತಕ್ಷಣ ದನಿಗೂಡಿಸಿದರು. "ನಮ್ ಕಡೆನೂ ಬಂದಿಲ್ಲ." "ತಿಂಗಳ ಕೊನೇಲಿ ಕೇಳಿ ನೋಡಿ." "ಬೆರಳಚ್ಚು ಕೊಟ್ರಾ?"

ಇತರೆ ಖಾಲಿಯಾಯಿತು. ರಂಜಿತಾ ಅದನ್ನು ತೆಗೆದು, ಆ ಜಾಗದಲ್ಲಿ ಅದೇ ಹಳದಿ ಬಣ್ಣದ ಹೊಸ ಚೌಕ ಇಟ್ಟಳು. 'ಪ್ರಕಟಣೆ' ಎಂದು. ಅದರಲ್ಲಿ ಬರೆಯುವ ಅಧಿಕಾರ ಅವಳಿಗೂ ನನಗೂ ಮಾತ್ರ. ಯಾವ ಮಾತು ಯಾವ ಗೂಡಿಗೆ ಹೋಗಿದೆ ಎಂದು ಅಲ್ಲೇ ಬರೆದು ಹಾಕಿದೆವು. ಜಗಲಿ ಗುಡಿಸಿ ಸಾರಿಸಿ ರಂಗೋಲಿ ಬಿಟ್ಟ ಹಾಗಾಯಿತು ಎಂದು ಅವಳು ಮೆಚ್ಚಿಕೊಂಡಳು. ನಾನೂ ಮೆಚ್ಚಿಕೊಂಡೆ. ಸಂಜೆ ಅದಕ್ಕೂ ಒಂದು ಗೆಣ್ಣು ಎಣಿಸಿದೆ.

ಕೆಲವು ದಿನ ಕಳೆದಿರಬೇಕು. ಹೀಗೆಯೇ ಮೊರ ಹಿಡಿದು ಕೂತಿದ್ದಾಗ ಫೋನು ಬಂತು. ಕಾಮಗೆರೆಯ ಗೌರಿ. ಜಗಲಿಯಲ್ಲಿ ಅಷ್ಟಿಷ್ಟು ಮಾತಾಡಿ ಪರಿಚಯವಾದ ಹುಡುಗಿ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ.

"ರತ್ನಕ್ಕ, ಮಾದಮ್ಮನೋರ ಅಕ್ಕಿ ಎತ್ತಾಗೋಯ್ತು?"

"ದಿನಸಿ ಗೂಡಿಗೆ ಹಾಕಿದ್ದೀನಲ್ಲಮ್ಮ."

"ದಿನಸಿಗಾ? ಅದ್ಯಾಕಕ್ಕ ಅಲ್ಗ್ ಆಕುದ್ರಿ?"

"ಅಕ್ಕಿನ ಇನ್ನೆಲ್ಲಿಗೆ ಹಾಕ್ಲಿ? ಬೇಳೆ ಬೆಲ್ಲದ ಜೊತೆಗೇ ತಾನೆ?"

ಗೌರಿ ಮೆಲ್ಲಗೆ, "ಅಕ್ಕಾ, ಅದು ತಿನ್ನಾ ಅಕ್ಕಿ ಅಲ್ಲ ಕಣಕ್ಕಾ. ಆರಾ ಅಕ್ಕಿ" ಎಂದಳು.

"ಆರೋದು ಬೇಯಿಸಿ ಇಳಿಸಿದ ಮೇಲಲ್ವೇನಮ್ಮ?"

"ಅಯ್ಯೋ ನಮ್ಮಪ್ಪಾ! ರೆಕ್ಕೆ ಅಕ್ಕಾ, ರೆಕ್ಕೆ! ರೆಕ್ಕೆ ಇರಾ ಅಕ್ಕಿ!"

ಮೊರದ ಮೇಲಿನ ನನ್ನ ಕೈ ಅಲ್ಲೇ ನಿಂತಿತು. ಎದುರಿಗೆ ಗೋಡೆಯ ಮೇಲೆ ಗುಬ್ಬಿಗಳು ನುಚ್ಚಿಗೆ ಕಾಯುತ್ತ ಕೂತಿದ್ದವು. ಅಕ್ಕಿಗ್ ಅಕ್ಕಿ. ಅಗರದಲ್ಲಿ ಹುಟ್ಟಿ, ಅವ್ವನ ಮಾತು ಕೇಳಿ ಬೆಳೆದು, ದಿನವೂ ಬೆಳಿಗ್ಗೆ ಅದೇ ಮಾತನ್ನು ಬಾಯಲ್ಲಿ ಅಂದುಕೊಂಡು ಹಕ್ಕಿಗೆ ಅಕ್ಕಿ ಹಾಕುವ ನಾನು, ಒಬ್ಬ ಹೆಂಗಸಿನ ಹಕ್ಕಿಗೆ ಎರಡೂವರೆ ಲೋಟ ಎಸರಿಟ್ಟಿದ್ದೆ! ಅವರು ಕೇಳಿದ್ದು ಎಸರಲ್ಲ, ಹೆಸರು. ಈ ಹಕ್ಕಿಯ ಹೆಸರು ಗೊತ್ತಿಲ್ಲ, ಗೊತ್ತಿದ್ದವರು ಹೇಳಿ ಎಂದು. ನಾನು ಅದನ್ನು ನೀರಲ್ಲಿ ನೆನೆಸಿ ಎಂದಿದ್ದೆ. ಮೇಷ್ಟ್ರೇ, ನೀವು ಎಲ್ಲಿದ್ದೀರೋ, ನಿಮ್ಮ ಶಿಷ್ಯೆ ಮತ್ತೆ ಹಕ್ಕಿ ಬೇಯಿಸಿದಳು.

ನಗು ತಡೆಯಲಾಗದೆ ನಕ್ಕೆ. ಗೌರಿಯೂ ನಕ್ಕಳು. ಆದರೆ ಅವಳು ನನಗಿಂತ ಮೊದಲೇ ನಗು ನಿಲ್ಲಿಸಿದಳು.

ಮಾದಮ್ಮನವರು ಜಾರಿ ಬಿದ್ದು ಕಾಲು ಮುರಿದುಕೊಂಡು ಕಾಮಗೆರೆಯ ಆಸ್ಪತ್ರೆಯಲ್ಲಿ ಇದ್ದರಂತೆ. ಪಕ್ಕದ ಮಂಚದಲ್ಲಿ ಗೌರಿಯ ತಾಯಿ. ಅಲ್ಲೇ ಸ್ನೇಹವಾಗಿದ್ದು. ಊರಿಗೆ ಹೋದ ಮೇಲೆ ಮಗ ಸೊಸೆ ಬೆಳಿಗ್ಗೆಯೇ ಹೊಲಕ್ಕೆ ಹೋಗುತ್ತಾರೆ, ಮಾದಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ. ಮಾತಿಗೆ ಜನ ಬೇಕಲ್ಲ ಎಂದು ಗೌರಿಯೇ ಅವರ ಫೋನಿಗೆ ಜಗಲಿಯನ್ನು ಹಾಕಿಕೊಟ್ಟು, "ಎಲ್ಲಕ್ಕಿಂತ ಕೆಳಗಡೆ ಅರಿಶಿನದ ಬಣ್ಣದ್ದು ಒತ್ತಿ, ಮಾತಾಡಿ. ಅಷ್ಟೇಯ" ಎಂದು ಹೇಳಿಕೊಟ್ಟಿದ್ದಳು. ಅವರಿಗೆ ಅಕ್ಷರ ಕೂಡಿಸಿಕೊಂಡು ಓದಲು ಬರುತ್ತದೆ, ಆದರೆ ಗೂಡುಗಳ ಹೆಸರು ಓದಿ ಹುಡುಕುವಷ್ಟಲ್ಲ. ಅವರಿಗೆ ಗೊತ್ತಿದ್ದ ದಾರಿ ಆ ಅರಿಶಿನದ ಚೌಕ ಒಂದೇ.

ಜುಟ್ಟಿರುವ ಒಂದು ಹಕ್ಕಿ ದಿನವೂ ಕಿಟಕಿಗೆ ಬರುತ್ತಿತ್ತಂತೆ. ಬಂತು, ಬರಲಿಲ್ಲ, ಇವತ್ತು ತಡವಾಗಿ ಬಂತು ಎಂದು ಇವರು ಇತರೆಯಲ್ಲಿ ಹೇಳುವುದು, ಗೌರಿಯೂ ಇನ್ನಿಬ್ಬರು ಮೂವರೂ "ಇವತ್ತು ಅಕ್ಕಿ ಬಂತಾ?" ಎಂದು ಕೇಳುವುದು.

"ಅಕ್ಕಿಗೆ ನುಚ್ಚು ಮಡಗ್ಬೇಕಲ್ಲ ಅಂತ ದಿನಾ ವಾಕರ್ ಇಡ್ಕಂಡು ಎದ್ದು ಕಿಟ್ಕಿಗಂಟ ಓಗೋರು ರತ್ನಕ್ಕ. ಡಾಕ್ಟ್ರು ಎಷ್ಟ್ ಯೋಳುದ್ರೂ ಏಳ್ದೆ ಇದ್ದೋರು, ಆ ಅಕ್ಕಿಗೋಸ್ಕರ ಏಳೋರು. ಈಗ ಏಳ್ತಿಲ್ಲ. ಸೊಸೆಗ್ ಫೋನ್ ಮಾಡಿದ್ದೆ. 'ಎಲ್ಲಾರೂ ಎದ್ದೋದ್ರು ಕನವ್ವಾ, ನನ್ ಅಕ್ಕಿ ಪುರಾಣ ಕೇಳಿ ಬೇಜಾರಾಗಿರ್ಬೇಕು' ಅಂತ ಫೋನ್ ದಿಂಬಿನ್ ಕೆಳೀಕ್ ಮಡಗ್ಬುಟ್ಟವ್ರಂತೆ. ನುಚ್ಚೂ ಇಲ್ಲ, ಏಳದೂ ಇಲ್ಲ."

ಅರಿಶಿನದ ಚೌಕ ಒತ್ತಿದರೆ ಈಗ ಪ್ರಕಟಣೆ. ಅಲ್ಲಿ ನಾನು ಮತ್ತು ರಂಜಿತಾ ಬಿಟ್ಟರೆ ಯಾರೂ ಮಾತಾಡುವಂತಿಲ್ಲ. ಅವರು ಬಂದು, ಬಾಗಿಲು ತಟ್ಟಿ, ಒಳಗೆ ಜನರ ಸದ್ದೇ ಇಲ್ಲವಲ್ಲ ಎಂದು ಹಿಂದಿರುಗಿ ಹೋಗಿದ್ದಾರೆ. ನಾವು ಮನೆ ಬದಲಾಯಿಸಿದ ವಿಷಯವನ್ನು ಅದೇ ಮನೆಯ ಬಾಗಿಲ ಮೇಲೆ ಅಂಟಿಸಿದ್ದೆವು, ಓದಲು ಕಷ್ಟಪಡುವವರಿಗೆ.

ಸಂಜೆ ರಂಜಿತಾ ಬಂದಳು. ಕಾಫಿ ಕೊಟ್ಟು ವಿಷಯ ಹೇಳಿದೆ. ಎಸರಿನ ಭಾಗಕ್ಕೆ ಬಂದಾಗ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. ಯಜಮಾನರಂತೂ ಮಗ್ಗ ನಿಲ್ಲಿಸಿ ಎದ್ದೇ ಬಂದರು. "ಲೇ ರತ್ನ, ಇಷ್ಟು ವರ್ಷ ನೀನು ನಮಗೆ ಬಡಿಸಿದ್ದು ಯಾವ ಅಕ್ಕಿ?"

"ಇತರೆ ಗೂಡನ್ನ ವಾಪಸ್ ಇಡು ರಂಜಿತಾ. ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ" ಎಂದೆ.

ಅವಳ ನಗು ಇಳಿಯಿತು. "ಅತ್ತೆ, ಹಕ್ಕಿಗೆ ಬೇಕಾದ್ರೆ 'ಪ್ರಾಣಿ ಪಕ್ಷಿ' ಅಂತ ಒಂದು ಹೊಸದು ಮಾಡೋಣ. ಇತರೆ ಬೇಡ. ಮತ್ತೆ ಎಲ್ಲಾರೂ ಎಲ್ಲಾನೂ ಅಲ್ಲೇ ತಂದು ಸುರೀತಾರೆ. ಆ ಮಗು ಜ್ವರದ ವಿಷಯ ಮರೆತುಬಿಟ್ರಾ?"

ಮರೆತಿರಲಿಲ್ಲ. ಅವಳು ಹೇಳುವುದರಲ್ಲಿ ತಪ್ಪೂ ಇರಲಿಲ್ಲ. ನಾನು ವಾದ ಮಾಡುವ ಹೆಂಗಸೂ ಅಲ್ಲ. ಸುಮ್ಮನೆ ಮನೆಯೊಳಗೆ ಕಣ್ಣಾಡಿಸಿದೆ.

"ದೇವರ ಸಾಮಾನು ದೇವರ ಮನೇಲಿ, ಅಡುಗೆಯದು ಅಡುಗೆ ಮನೇಲಿ. ಎರಡಕ್ಕೂ ಸೇರದೆ ಇರೋದನ್ನ ಎಲ್ಲಿಡ್ತೀಯಮ್ಮ?"

ಅವಳು ಯೋಚಿಸುವ ಮೊದಲೇ ಯಜಮಾನರು, "ಊಟದ ಟೇಬಲ್ ಮೇಲೆ" ಎಂದರು.

ಮೂವರೂ ತಿರುಗಿ ನೋಡಿದೆವು. ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಊಟವೊಂದನ್ನು ಬಿಟ್ಟು ಎಲ್ಲವೂ ಇತ್ತು. ಮಡಿಸದ ಬಟ್ಟೆ, ಯಜಮಾನರ ಮಂಡಿಯ ಎಣ್ಣೆ, ಕರೆಂಟ್ ಬಿಲ್ಲು, ಯಾರದೋ ಗೃಹಪ್ರವೇಶದ ತೆಂಗಿನಕಾಯಿ, ರಂಜಿತಾ ಈಗ ತಾನೆ ತಂದು ಇಟ್ಟ ಅವಳ ಬ್ಯಾಗು. ನಾವು ಊಟ ಮಾಡುವುದು ಕೆಳಗೆ, ಚಾಪೆಯ ಮೇಲೆ.

"ಈ ಟೇಬಲ್ ತೆಗೆದರೆ ಮನೆ ಚೊಕ್ಕಟ ಆಗುತ್ತೆ ಅಂತ ಒಂದು ಸಲ ತೆಗೆಸಿದ್ದೆ" ಎಂದೆ. "ಆಗ ಎಲ್ಲಾ ಹೋಗಿ ದೇವರ ಮನೇಲಿ ಕೂತಿತ್ತು. ನಿಮ್ಮ ಮಾವನ ಮಂಡಿ ಎಣ್ಣೆಗೆ ನಾನು ಮಂಗಳಾರತಿ ಎತ್ತಿದ್ದೀನಿ. ಮೊರದಲ್ಲಿ ಕೇರುವಾಗ ನೋಡು, ಅಕ್ಕಿನೂ ಅಲ್ಲದ ಕಸಾನೂ ಅಲ್ಲದ ನುಚ್ಚು ಅಂತ ಒಂದು ಉಳಿಯುತ್ತೆ. ಅದನ್ನ ಅಕ್ಕಿ ಡಬ್ಬಕ್ಕೆ ಹಾಕೋಕಾಗಲ್ಲ, ಚೆಲ್ಲೋಕೂ ಆಗಲ್ಲ. ಅದಕ್ಕೇ ಅಂತ ಗೋಡೆ ಮೇಲೆ ಕಾಯ್ತಾ ಕೂತಿರೋರು ಇದ್ದಾರೆ."

ರಂಜಿತಾ ಟೇಬಲ್ಲಿನ ಮೇಲಿದ್ದ ತನ್ನ ಬ್ಯಾಗನ್ನೇ ಸ್ವಲ್ಪ ಹೊತ್ತು ನೋಡಿದಳು. ಅದರೊಳಗಿಂದ ಲ್ಯಾಪ್‌ಟಾಪ್ ತೆಗೆದಳು.

"ಒಂದು ಷರತ್ತು ಅತ್ತೆ. ಜ್ವರ ಗಿರ ಅಂತ ಯಾರಾದ್ರೂ ಅಲ್ಲಿ ಕೇಳಿದ್ರೆ ನೀವು ದಿನಾ ನೋಡಿ, ಎತ್ತಿ ಆರೋಗ್ಯಕ್ಕೆ ಹಾಕಬೇಕು. ಓದಿ ಹಾಕಬೇಕು."

"ಓದಿ ಹಾಕ್ತೀನಿ ಕಣಮ್ಮ. ಬಾಯಿಬಿಟ್ಟು ಓದಿ ಹಾಕ್ತೀನಿ."

ಅದೇ ನಾನು ಕಂಡುಕೊಂಡ ಔಷಧಿ. ಕಣ್ಣಿಗೆ ಅಕ್ಕಿ ಎಂದು ಕಂಡಿದ್ದು ಕಿವಿಗೆ ಬಿದ್ದರೆ ಅವ್ವನ ದನಿಯಲ್ಲಿ ಹಕ್ಕಿ ಎಂದೇ ಕೇಳುತ್ತದೆ.

ದಿನಸಿಯೊಳಗೆ ಹೂತಿದ್ದ ಮಾದಮ್ಮನ ಮಾತುಗಳನ್ನೆಲ್ಲ ನಾನೇ ಒಂದೊಂದಾಗಿ ಗಟ್ಟಿಯಾಗಿ ಓದಿ ಹೊರಗೆ ತೆಗೆದೆ. ಹೆಕ್ಕುವುದು ಎಂದರೆ ಅದು. "ಅಕ್ಕಿ ಕಿಟ್ಕಿ ಮ್ಯಾಲೆ ಕೂತದೆ. ನಾನು ಕೆಮ್ಮುದೇಟ್ಗೆ ಓಯ್ತು." ಇದು ಅಡುಗೆಯ ಅಕ್ಕಿ ಎಂದು ಯಾರಾದರೂ ಅಂದುಕೊಳ್ಳುವ ಹಾಗಿತ್ತೇ! "ಇವತ್ತು ಅಕ್ಕಿ ನನ್ನೇ ನೋಡ್ತು." ಅದನ್ನು ಓದುವಾಗ ಯಜಮಾನರು ತಮಾಷೆ ಮಾಡಲಿಲ್ಲ, ಮಗ್ಗವನ್ನೂ ಆಡಿಸಲಿಲ್ಲ.

ಹೆಸರಿನ ಪ್ರಶ್ನೆ ಬಂತು. 'ಇತರೆ' ಎಂದರೆ ರಂಜಿತಾಳಿಗೆ ಆಗದು. "ನೀವೇ ಹೇಳಿ ಅತ್ತೆ" ಎಂದಳು. ನನ್ನ ಬಾಯಿಗೆ ಬಂದಿದ್ದು ಒಂದೇ. ಅಕ್ಕಿ ಗೂಡು. ಅಗರದವರು ಹಕ್ಕಿಯ ಗೂಡು ಎಂದುಕೊಳ್ಳಲಿ, ಪೇಟೆಯವರು ದಿನಸಿಯ ಗೂಡು ಎಂದುಕೊಂಡು ಬಂದು ಇಣುಕಲಿ, ಮಗ್ಗದವರಿಗೆ ಗೂಡು ಎಂದರೆ ಹೇಗೂ ನಮ್ಮದೇ. ಅರಿಶಿನದ ಬಣ್ಣ, ಎಲ್ಲಕ್ಕಿಂತ ಕೆಳಗೆ. ಗೌರಿಗೆ ಫೋನ್ ಮಾಡಿ, ಮಾದಮ್ಮನವರ ಸೊಸೆಗೆ ಹೇಳಮ್ಮ, ದಿಂಬಿನ ಕೆಳಗಿಂದ ತೆಗೆಸು ಎಂದೆ. ದೀಪ ಹಚ್ಚುವಾಗ ಮಾದಪ್ಪನ ಮುಂದೆ ಬೇರೆ ಏನನ್ನೂ ಕೇಳಲಿಲ್ಲ. ಆ ಹೆಂಗಸು ಎದ್ದು ಕಿಟಕಿಗೆ ಹೋಗಲಿ ಎಂದು ಮಾತ್ರ ಕೇಳಿದೆ.

ಬೆಳಿಗ್ಗೆ ಪೂಜೆ ಸ್ವಲ್ಪ ಬೇಗ ಮುಗಿಯಿತು, ದೇವರು ಕ್ಷಮಿಸಲಿ. ಮೊರದ ಪಕ್ಕದಲ್ಲೇ ಫೋನಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆ. ಅಕ್ಕಿ ಕೇರುವುದಕ್ಕಿಂತ ಫೋನು ನೋಡುವುದೇ ಜಾಸ್ತಿಯಾಗಿ ಒಂದು ಹಿಡಿ ಅಕ್ಕಿ ಮೆಟ್ಟಿಲ ಪಾಲಾಯಿತು. ಬಿಸಿಲು ಗೋಡೆಯಿಂದ ಇಳಿದು ಮೆಟ್ಟಿಲ ಹತ್ತಿರ ಬಂದಾಗ ಅರಿಶಿನದ ಚೌಕದಲ್ಲಿ ಮಾತು ಮೂಡಿತು.

"ಎಲ್ಲಿಗ್ ಓಗಿದ್ರಿ ಎಲ್ಲಾರೂವೆ? ಊರ್ಗ್ ಓಗದಾದ್ರೆ ಒಂದ್ ಮಾತ್ ಯೋಳ್ಬುಟ್ ಓಗ್ಬಾರ್ದಾ? ಏನಾಯ್ತೋ ಏನೋ ಅಂತ ನಾನು ಇಲ್ಲಿ ಮಾದಪ್ಪಂಗೆ ಅರಕೆ ಕಟ್ಕಂಡು ಕೂತಿವ್ನಿ."

ನಾನು ಅವರಿಗಾಗಿ, ಅವರು ನಮಗಾಗಿ. ಒಂದೇ ದೇವರಿಗೆ ಎರಡು ಕಡೆಯಿಂದ ಅರ್ಜಿ ಹೋಗಿತ್ತು.

ಗೌರಿ, ಇನ್ನೂ ನಾಲ್ಕಾರು ಜನ ಓಡಿ ಬಂದರು. ನಾನು ಬಹಳ ಸಂಕೋಚದಿಂದ ಎಸರಿನ ವಿಷಯ ಬರೆದು, ಮಾದಮ್ಮನವರೇ, ದಿನವೂ ಗುಬ್ಬಿಗಳಿಗೆ ನುಚ್ಚು ಹಾಕುವ ನಾನೇ ನಿಮ್ಮ ಹಕ್ಕಿಯನ್ನು ನೆನೆಹಾಕಲು ಹೇಳಿದ್ದೆ, ಕ್ಷಮಿಸಬೇಕು ಎಂದೆ. ಉತ್ತರ ಬಂತು. "ಅದ್ಕೇಯ ನಾನು ಅಂದ್ಕಂಡೆ, ಯಾರೋ ಪ್ಯಾಟೆ ಎಂಗ್ಸು, ಕಟುಕಿ ಅಂತವ." ನಮ್ಮ ಯಜಮಾನರಿಗೆ ಅದನ್ನು ಓದಿ ಹೇಳಿದ್ದೇ ತಪ್ಪಾಯಿತು. ಈಗಲೂ ಸಾರಿಗೆ ಖಾರ ಹೆಚ್ಚಾದರೆ "ಕಟುಕಿ" ಎನ್ನುತ್ತಾರೆ.

ಜುಟ್ಟಿನ ಗುರುತು ಹಿಡಿದು ಹುಡುಕಿ ರಂಜಿತಾ ಹಕ್ಕಿಯ ಹೆಸರನ್ನು ಪತ್ತೆ ಮಾಡಿದಳು. ಅದು ಪಿಕಳಾರವಂತೆ. ಚಿತ್ರ ಹಾಕಿದಳು. ಮಾದ‌ಮ್ಮ ಅದೇ ಎಂದು ಒಪ್ಪಿಕೊಂಡರು. "ಎಸ್ರು ಚೆಂದಾಗದೆ. ಆದ್ರ ನಾನು ಅದ್ನ ಅಕ್ಕಿ ಅಂತ್ಲೇ ಕೂಗದು. ಅದ್ಕೂ ಅದೇ ರೂಢಿ ಆಗದೆ" ಎಂದರು.

ಆಮೇಲೆ ಸ್ವಲ್ಪ ಹೊತ್ತು ಅವರ ಕಡೆಯಿಂದ ಮಾತಿಲ್ಲ. ನಾವೆಲ್ಲ ಕಾದೆವು. ಕಾಮಗೆರೆಯಲ್ಲಿ ಗೌರಿ ಹೊಲಿಗೆ ನಿಲ್ಲಿಸಿ ಕಾದಿದ್ದಳಂತೆ. ಆಮೇಲೆ ಬಂತು. "ಎದ್ದು ಓಗಿ ನುಚ್ಚು ಮಡಗ್ಬುಟ್ ಬಂದೆ. ಕಾಲು ಜೋಮು ಇಡ್ದದೆ. ಇನ್ನು ಅದು ಬರ್ಬೇಕು ಅಷ್ಟೇಯ." ಅದರ ಬೆನ್ನಿಗೇ, "ನಿಮ್ಮನೆ ಅಕ್ಕಿ ಬಂತಾ ರತ್ನವ್ವಾ?"

ನಾನು ತಲೆಯೆತ್ತಿ ನೋಡಿದೆ. ಗುಬ್ಬಿಗಳು ಗೋಡೆಯಿಂದ ಇಳಿದು, ನನ್ನ ಕಾಲ ಬಳಿಯೇ ಮೆಟ್ಟಿಲ ಮೇಲೆ ಚೆಲ್ಲಿದ್ದನ್ನು ಹೆಕ್ಕುತ್ತಿದ್ದವು. ತೊಡೆಯ ಮೇಲೆ ಮೊರ, ಮೊರದ ತುಂಬ ಮಧ್ಯಾಹ್ನದ ಅನ್ನಕ್ಕಾಗುವಷ್ಟು ಅಕ್ಕಿ. ಕಲ್ಲು ಒಂದೂ ಇರಲಿಲ್ಲ.

"ಎರಡೂ ಬಂದವೆ ಕನವ್ವಾ" ಎಂದು ಬರೆದೆ.